ಮಾರ್ಗದರ್ಶಕ–ವಿದ್ಯಾರ್ಥಿ ಜೋಡಣೆ: ಒಂದು ಸಮೀಕ್ಷೆ

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಜರುಗುವ ಒಂದು ಕಾರ್ಯವುಂಟು. ಪ್ರವೇಶದ ಗದ್ದಲವಡಗಿದ ಮೇಲೆ ಕಚೇರಿಯ ಮೂಲೆಯೊಂದರಲ್ಲಿ ಅದು ಸದ್ದಿಲ್ಲದೆ ಮುಗಿದುಹೋಗುವುದರಿಂದ, ಅದನ್ನು ಕುರಿತು ಯಾರೂ ಹೆಚ್ಚಾಗಿ ಚಿಂತಿಸಿದಂತೆ ಕಾಣುವುದಿಲ್ಲ. ಹೊಸ ವಿದ್ಯಾರ್ಥಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯುಎಸ್‌ಎನ್ ಅಥವಾ ರೋಲ್ ನಂಬರಿನ ಕ್ರಮದಲ್ಲಿ ಮೊದಲ 20 ಮಂದಿಯನ್ನು ಒಬ್ಬ ಅಧ್ಯಾಪಕರ ಹೆಸರಿಗೂ ಮುಂದಿನ 20 ಮಂದಿಯನ್ನು ಮತ್ತೊಬ್ಬರ ಹೆಸರಿಗೂ ಬರೆದು, ಪ್ರಾಂಶುಪಾಲರ ಸಹಿ ಪಡೆದು ಸೂಚನಾಫಲಕಕ್ಕೆ ಅಂಟಿಸಿದರೆ, ಅಂದಿನಿಂದ ಅವರು ಮಾರ್ಗದರ್ಶಕರು, ಇವರು ಅವರ ವಿದ್ಯಾರ್ಥಿಗಳು. ಈ ಸಂಖ್ಯೆಗಳನ್ನು ಬಹುಮಟ್ಟಿಗೆ ಅಕಾರಾದಿಯಾಗಿ ಕೊಡುವ ರೂಢಿಯಿರುವುದರಿಂದ ಮಂಜುನಾಥ, ಮಹೇಶ, ಮೇಘನಾ ಇವರೆಲ್ಲರೂ ಒಬ್ಬರ ಪಾಲಿಗೇ ಬಂದಿರುತ್ತಾರೆ. ಹೆಸರಿನ ಮೊದಲಕ್ಷರವೊಂದರ ಹೊರತು ಅವರನ್ನು ಆ ಅಧ್ಯಾಪಕರೊಡನೆ ಕೂಡಿಸಿದ ಕಾರಣ ಬೇರೊಂದಿಲ್ಲ.

ತರುವಾಯದ ಕಥೆಯನ್ನು ಮೆಂಟರ್ ಪುಸ್ತಕವೇ ಹೇಳುತ್ತದೆ. ತಂದೆತಾಯಿಯರ ಫೋನ್ ನಂಬರು, ಇಂಟರ್ನಲ್ಸ್ ಅಂಕಗಳು, ಹಾಜರಾತಿಯ ಶೇಕಡಾವಾರು, ಇವುಗಳ ಪಕ್ಕದಲ್ಲಿ ‘ಚರ್ಚಿಸಿದ ವಿಷಯ’ ಎಂಬುದೊಂದು ಅಂಕಣ. ಆ ಅಂಕಣದಲ್ಲಿ ಪುಟ ಪುಟಕ್ಕೂ ‘ಹಾಜರಾತಿ ಕಡಿಮೆ, ತಿಳುವಳಿಕೆ ನೀಡಲಾಯಿತು’ ಎಂಬ ಒಂದೇ ವಾಕ್ಯ. ಪರಿಶೀಲನಾ ತಂಡದ ಭೇಟಿ ಸಮೀಪಿಸಿದಾಗ ಹಿಂದಿನ ಎರಡು ಸೆಮಿಸ್ಟರುಗಳ ಸಹಿಗಳೆಲ್ಲವೂ ಒಂದೇ ಮಧ್ಯಾಹ್ನ ಒಂದೇ ಲೇಖನಿಯಿಂದ ಬೀಳುವುದೂ ಉಂಟು. ಇದಕ್ಕೆ ಅಧ್ಯಾಪಕರನ್ನಷ್ಟೇ ದೂರುವುದು ನ್ಯಾಯವಲ್ಲ. ಯಾವ ಆಸಕ್ತಿಯೂ ಯಾವ ಆಯ್ಕೆಯೂ ಇಲ್ಲದೆ ಕೂಡಿಸಿದ ಇಬ್ಬರು, ಪರಸ್ಪರ ಹೇಳಿಕೊಳ್ಳಲು ಹಾಜರಾತಿಯ ಹೊರತು ಬೇರೆ ವಿಷಯವನ್ನು ಎಲ್ಲಿಂದ ತಂದಾರು?

ಹಾಗಾದರೆ ಜೋಡಿಸುವ ಉತ್ತಮ ಕ್ರಮ ಯಾವುದು? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಶಿಕ್ಷಣತಜ್ಞರೂ ಗಣಿತಜ್ಞರೂ ತಮ್ಮ ತಮ್ಮ ದಾರಿಯಲ್ಲಿ ಕೇಳಿದ್ದಾರೆ. ಯಾರನ್ನು ಯಾರೊಡನೆ ಕೂಡಿಸಬೇಕು, ಆ ನಿರ್ಣಯ ಯಾರದಾಗಬೇಕು, ಅದನ್ನು ಎಂದು ಮಾಡಬೇಕು ಎಂಬ ಮೂರು ಪ್ರಶ್ನೆಗಳು ಇದರಲ್ಲಿ ಹೆಣೆದುಕೊಂಡಿವೆ. ಮೊದಲನೆಯದನ್ನು ಕುರಿತು ಗ್ರಂಥರಾಶಿಯೇ ಬೆಳೆದಿದೆ. ಎರಡನೆಯದನ್ನು ಕುರಿತು ಸಾಕಷ್ಟು ಚರ್ಚೆಯಿದೆ. ಮೂರನೆಯದು ಮಾತ್ರ, ಅತ್ಯಂತ ಮುಖ್ಯವಾದುದೆಂದು ನನಗೆ ತೋರುವುದಾದರೂ, ಬಹುಕಾಲ ಉಪೇಕ್ಷೆಗೊಳಗಾಗಿದೆ.

ಪೂರ್ವಚರಿತ್ರೆ

ನಮ್ಮ ಪ್ರಾಚೀನ ವಾಙ್ಮಯದಲ್ಲಿ ಗುರುವನ್ನು ಅರಸಿಕೊಂಡು ಹೋಗುವವನು ಶಿಷ್ಯನೇ. ಛಾಂದೋಗ್ಯದ ಸತ್ಯಕಾಮ ಜಾಬಾಲನು ಹಾರಿದ್ರುಮತ ಗೌತಮನ ಬಳಿಗೆ ತಾನಾಗಿಯೇ ಹೋದನು. ಪ್ರಶ್ನೋಪನಿಷತ್ತಿನಲ್ಲಿ ಸಮಿತ್ಪಾಣಿಗಳಾಗಿ ಬಂದ ಆರು ಮಂದಿ ಜಿಜ್ಞಾಸುಗಳಿಗೆ ಪಿಪ್ಪಲಾದ ಮಹರ್ಷಿಯು ಕೂಡಲೇ ಉಪದೇಶ ಮಾಡಲಿಲ್ಲ. ಇನ್ನೊಂದು ಸಂವತ್ಸರ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿ ವಾಸಿಸಿ, ಅನಂತರ ನಿಮಗೆ ಬೇಕಾದುದನ್ನು ಕೇಳಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎಂದನು. ಸಂಬಂಧವನ್ನು ನಿಶ್ಚಯಿಸುವ ಮುನ್ನ ಒಡನಾಟಕ್ಕೆ ಕಾಲಾವಕಾಶವಿರಬೇಕೆಂಬ ವಿಚಾರ ಅಷ್ಟು ಹಳೆಯದು. ಆದರೆ ಈ ವ್ಯವಸ್ಥೆಯನ್ನು ಹೊಗಳುವವರು ಏಕಲವ್ಯನನ್ನು ಮರೆಯುವಂತಿಲ್ಲ. ಆಯ್ಕೆಯ ಸ್ವಾತಂತ್ರ್ಯವು ಬಾಗಿಲೊಳಗೆ ಬರಗೊಟ್ಟವರಿಗೆ ಮಾತ್ರ ಇತ್ತು. ಹೊರಗುಳಿದವನ ಆಯ್ಕೆಗೆ ತೆತ್ತ ಬೆಲೆ ಎಷ್ಟೆಂಬುದು ಲೋಕಪ್ರಸಿದ್ಧವಾಗಿದೆ.

ಸಂಸ್ಥೆಯೊಂದು ನಡುವೆ ನಿಂತು ಇಬ್ಬರು ಅಪರಿಚಿತರನ್ನು ಕೂಡಿಸುವ ಪದ್ಧತಿ ವ್ಯಾಪಕವಾದುದು ಇಪ್ಪತ್ತನೆಯ ಶತಮಾನದಲ್ಲಿ. 1904ರಲ್ಲಿ ನ್ಯೂಯಾರ್ಕಿನ ಬಾಲ ನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಎಂಬವರು, ತಮ್ಮೆದುರು ಬರುತ್ತಿದ್ದ ಹುಡುಗರಿಗೆ ಒಬ್ಬೊಬ್ಬ ಹಿರಿಯ ಸ್ನೇಹಿತನನ್ನು ಒದಗಿಸಲೆಳಸಿದರು. ಬಿಗ್ ಬ್ರದರ್ಸ್ ಚಳವಳಿ ಅದರಿಂದ ಬೆಳೆಯಿತು. ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ವುಡ್ರೊ ವಿಲ್ಸನ್ ಚಿಕ್ಕ ಚಿಕ್ಕ ಗುಂಪುಗಳಿಗೆ ಕಿರಿಯ ಅಧ್ಯಾಪಕರನ್ನು ನೇಮಿಸುವ ಪದ್ಧತಿಯನ್ನು ಜಾರಿಗೆ ತಂದರು.

ಸದುದ್ದೇಶವೊಂದೇ ಸಾಲದೆಂಬುದನ್ನು ತೋರಿಸಿಕೊಟ್ಟ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೆನೆಯಬೇಕು. ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ಯೋಜನೆಯಂತೆ ಮೆಸಾಚುಸೆಟ್ಸಿನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ 1939ರಿಂದ 1945ರವರೆಗೆ ಬಾಲಕರ ಒಂದು ಪ್ರಯೋಗ ನಡೆಯಿತು. ಸಮಾನ ಸ್ಥಿತಿಯ ಇಬ್ಬಿಬ್ಬರನ್ನು ಆರಿಸಿ, ನಾಣ್ಯ ಚಿಮ್ಮಿ, ಒಬ್ಬನಿಗೆ ಸಲಹೆಗಾರನ ನೆರವನ್ನು ಕೊಟ್ಟು ಮತ್ತೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸುಮಾರು 30 ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ವಿದುಷಿ ಆ 506 ಮಂದಿಯ ಜಾಡು ಹಿಡಿದು 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ನೆರವು ಪಡೆದವರೇ ಕುಡಿತ, ಮಾನಸಿಕ ವ್ಯಾಧಿ, ಅಕಾಲಮೃತ್ಯು ಮೊದಲಾದ ಹಲವು ವಿಷಯಗಳಲ್ಲಿ ಹೆಚ್ಚು ಕಷ್ಟಕ್ಕೀಡಾಗಿದ್ದರೆಂಬುದು ಹೊರಬಿತ್ತು. ಕಾರಣವೇನೆಂಬುದರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಮಾರ್ಗದರ್ಶನದಿಂದ ಲಾಭವಾಗದಿದ್ದರೂ ನಷ್ಟವಂತೂ ಇಲ್ಲ ಎಂಬ ಲೋಕೋಕ್ತಿಯನ್ನು ಮಾತ್ರ ಅಂದಿನಿಂದ ಯಾರೂ ನಿಶ್ಚಿಂತರಾಗಿ ಆಡುವಂತಿಲ್ಲ.

ಇದಕ್ಕೆ ಪ್ರತಿಯಾಗಿ 1995ರಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಕಾರ್ಯವನ್ನು ಪರೀಕ್ಷಿಸಿದ ಅಧ್ಯಯನವು ಆಶಾದಾಯಕವಾಗಿತ್ತು. 10ರಿಂದ 16 ವರ್ಷದ 959 ಮಕ್ಕಳಲ್ಲಿ, ಹಿರಿಯ ಸ್ನೇಹಿತರನ್ನು ಪಡೆದವರು ಮಾದಕ ದ್ರವ್ಯಕ್ಕೆ ಕೈಹಾಕುವ ಸಂಭವ ಶೇಕಡಾ 46ರಷ್ಟು ಕಡಿಮೆಯಾಗಿತ್ತು. ಒಂದೇ ಬಗೆಯ ಉಪಕ್ರಮ ಒಂದೆಡೆ ಹಾನಿಯನ್ನೂ ಮತ್ತೊಂದೆಡೆ ಹಿತವನ್ನೂ ಮಾಡಬಲ್ಲುದಾದರೆ, ವ್ಯತ್ಯಾಸವು ಅದನ್ನು ನಡೆಸುವ ಕ್ರಮದಲ್ಲಿರಬೇಕು. ಜೋಡಣೆಯ ಚರ್ಚೆಗೆ ತೀವ್ರತೆ ಬಂದುದು ಇಲ್ಲಿಂದ.

ಸಾಮ್ಯಪಕ್ಷ

ಸಮಾನಶೀಲರಲ್ಲಿ ಸಖ್ಯ ಎಂಬುದು ನಮ್ಮಲ್ಲಿ ಹಳೆಯ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಡಾನ್ ಬರ್ನ್ ಅದನ್ನು ಪ್ರಯೋಗಶಾಲೆಗೆ ತಂದು, ಅಭಿಪ್ರಾಯಸಾಮ್ಯ ಹೆಚ್ಚಿದಷ್ಟೂ ಆಕರ್ಷಣೆ ಹೆಚ್ಚುವುದೆಂದು ತೋರಿಸಿ 1971ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಪಕ್ಷದವರು ಜೋಡಣೆಗೆ ಸಾಮ್ಯವನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದರೆ ಯಾವ ಸಾಮ್ಯ? ಲಿಂಗ, ಜನಾಂಗ, ಊರು ಇವು ಹೊರಗಿನವು; ಆಸಕ್ತಿ, ಮೌಲ್ಯ, ಸ್ವಭಾವ ಇವು ಒಳಗಿನವು.

ಹೊರಗಿನ ಸಾಮ್ಯದ ಪರವಾಗಿ ಅತ್ಯಂತ ಬಲವಾದ ಸಾಕ್ಷ್ಯವೆಂದರೆ ತಾರಾ ಡೆನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ ಅವರು 2017ರಲ್ಲಿ ಪ್ರಕಟಿಸಿದ ಪ್ರಯೋಗ. ಇಂಜಿನಿಯರಿಂಗ್ ಓದಲು ಬಂದ 150 ಮಂದಿ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಹಿರಿಯ ವಿದ್ಯಾರ್ಥಿನಿಯರನ್ನೂ ಕೆಲವರಿಗೆ ಹಿರಿಯ ವಿದ್ಯಾರ್ಥಿಗಳನ್ನೂ ಮಾರ್ಗದರ್ಶಕರನ್ನಾಗಿ ಕೊಟ್ಟು, ಉಳಿದವರಿಗೆ ಯಾರನ್ನೂ ಕೊಡದೆ ನೋಡಿದಾಗ, ತಮ್ಮಂತೆಯೇ ಹೆಣ್ಣಾದವಳನ್ನು ಮಾರ್ಗದರ್ಶಕಿಯಾಗಿ ಪಡೆದವರಲ್ಲಿ ತಾವು ಇಲ್ಲಿಗೆ ಸೇರಿದವರೆಂಬ ಭಾವವೂ ಆತ್ಮವಿಶ್ವಾಸವೂ ಕುಗ್ಗದೆ ಉಳಿದವು, ಕೋರ್ಸು ಬಿಟ್ಟುಹೋಗುವುದೂ ತಗ್ಗಿತು. ಹಾಗೆಂದು ಇದನ್ನೇ ಸಾರ್ವತ್ರಿಕ ನಿಯಮವೆಂದು ಭಾವಿಸುವುದು ಸಲ್ಲದು. ಸ್ಟೇಸಿ ಬ್ಲೇಕ್-ಬಿಯರ್ಡ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಕಂಡುಕೊಂಡಂತೆ, ತಮ್ಮ ಲಿಂಗದ ಅಥವಾ ಜನಾಂಗದ ಮಾರ್ಗದರ್ಶಕರನ್ನು ಪಡೆದ ವಿದ್ಯಾರ್ಥಿಗಳು ಹೆಚ್ಚಿನ ನೆರವು ದೊರೆಯಿತೆಂದು ಹೇಳಿದರಾದರೂ, ವಿದ್ಯಾಭ್ಯಾಸದ ಫಲಿತಾಂಶದಲ್ಲಿ ಭೇದ ಕಾಣಲಿಲ್ಲ. ಹಿತವೆನಿಸುವುದೂ ಹಿತವಾಗುವುದೂ ಒಂದೇ ಅಲ್ಲವಷ್ಟೆ.

ಒಳಗಿನ ಸಾಮ್ಯದ ವಾದ ಇದಕ್ಕಿಂತ ಗಟ್ಟಿಯಾಗಿ ನಿಂತಿದೆ. ಡೇವಿಡ್ ಡುಬಾಯ್ಸ್ ಮತ್ತು ಸಂಗಡಿಗರು 73 ಕಾರ್ಯಕ್ರಮಗಳ ಮೌಲ್ಯಮಾಪನಗಳನ್ನು ಕ್ರೋಡೀಕರಿಸಿ 2011ರಲ್ಲಿ ಬರೆದ ಸಮೀಕ್ಷೆಯಲ್ಲಿ, ಆಸಕ್ತಿಯ ಸಾಮ್ಯವನ್ನು ನೋಡಿ ಜೋಡಿಸಿದ ಕಾರ್ಯಕ್ರಮಗಳು ಹೆಚ್ಚು ಫಲಕಾರಿಯಾಗಿದ್ದವು. ಲಿಲಿಯನ್ ಈಬಿ ಮೊದಲಾದವರ 2013ರ ಸಮೀಕ್ಷೆಯೂ ಆಂತರಿಕ ಸಾಮ್ಯಕ್ಕೂ ಸಂಬಂಧದ ಗುಣಕ್ಕೂ ನಿಕಟ ನಂಟನ್ನು ಕಂಡಿತು. ಆದುದರಿಂದ ಏನೂ ಕೇಳದೆ ಯುಎಸ್‌ಎನ್ ಪ್ರಕಾರ ಹಂಚುವುದಕ್ಕಿಂತ, ‘ಬಿಡುವಿನಲ್ಲಿ ಏನು ಮಾಡುವಿರಿ, ಯಾವ ವಿಷಯ ಕಠಿನವೆನಿಸುತ್ತದೆ, ಯಾವ ಭಾಷೆಯಲ್ಲಿ ಮಾತನಾಡಲು ಸಲೀಸು’ ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳಿ ಹಂಚುವುದು ಮೇಲು. ಕೊನೆಯ ಪ್ರಶ್ನೆ ನಮ್ಮಲ್ಲಿ ಲಘುವಾದುದಲ್ಲ: ಪಿಯುಸಿಯವರೆಗೆ ಕನ್ನಡದಲ್ಲೇ ಯೋಚಿಸಿ ಬಂದ ಹುಡುಗಿಯೊಬ್ಬಳು ಬೆಂಗಳೂರಿನ ಕಾಲೇಜಿನಲ್ಲಿ ತನ್ನ ಭಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಂಡು ಅನಂತರ ಹೇಳಬೇಕಾದರೆ, ಹೇಳದೆಯೇ ಇರುವ ಸಂಭವವೇ ಹೆಚ್ಚು.

ಆದರೆ ಪ್ರಶ್ನಾವಳಿಯ ಮೋಹಕ್ಕೂ ಒಂದು ಮಿತಿ ಬೇಕು. ಸ್ವಭಾವ ಪರೀಕ್ಷೆಗಳಿಂದ ಹಿಡಿದು ಕಲಿಕೆಯ ಶೈಲಿಯವರೆಗೆ 60–70 ಪ್ರಶ್ನೆಗಳನ್ನು ಕೇಳಿ ಅಂಕ ಹಾಕಿ ಕೂಡಿಸುವ ತಂತ್ರಾಂಶಗಳನ್ನು ನೋಡುವಾಗ ಜಾತಕ ಕೂಡಿಸುವ ಜೋಯಿಸರ ನೆನಪಾಗುತ್ತದೆ. 36 ಗುಣಗಳಲ್ಲಿ 30 ಕೂಡಿ ಬಂದ ಮೇಲೂ ಒಂದೇ ಸೂರಿನಡಿ ಬಾಳಲಾಗದವರನ್ನು ನಾವು ಕಂಡಿದ್ದೇವೆ.

ಆಯ್ಕೆಯ ಪಕ್ಷ

ಎರಡನೆಯ ಪಕ್ಷದವರು ಲಕ್ಷಣಗಳನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸಂಬಂಧಪಟ್ಟವರ ಮಾತಿಗೆ ಬೆಲೆಯಿತ್ತೇ ಎಂಬುದೇ ಅವರಿಗೆ ಮುಖ್ಯ. ಟ್ಯಾಮಿ ಆಲೆನ್, ಲಿಲಿಯನ್ ಈಬಿ, ಎಲಿಜಬೆತ್ ಲೆಂಟ್ಸ್ ಅವರ 2006ರ ಅಧ್ಯಯನದಂತೆ, ಜೋಡಣೆಯಲ್ಲಿ ತಮ್ಮ ಅಭಿಪ್ರಾಯಕ್ಕೂ ಸ್ಥಾನವಿತ್ತೆಂದು ಭಾವಿಸಿದವರ ಸಂಬಂಧಗಳು ಮೇಲ್ಮಟ್ಟದವಾಗಿದ್ದವು. ಶಾಲೆ ಬಿಟ್ಟ ತರುಣರಿಗಾಗಿ ಅಮೆರಿಕದ ನ್ಯಾಷನಲ್ ಗಾರ್ಡ್ ನಡೆಸುವ ಚಾಲೆಂಜ್ ಕಾರ್ಯಕ್ರಮದಲ್ಲಿ, ಮಾರ್ಗದರ್ಶಕರನ್ನು ತಮ್ಮ ಪರಿಚಿತರೊಳಗಿಂದಲೇ ಸೂಚಿಸುವಂತೆ ತರುಣರಿಗೆ ಹೇಳಲಾಗುತ್ತದೆ. ತಂದೆತಾಯಿಯರೋ ಸಿಬ್ಬಂದಿಯೋ ಆರಿಸಿಕೊಟ್ಟ ಸಂಬಂಧಗಳಿಗಿಂತ ತರುಣರೇ ಆರಿಸಿಕೊಂಡವು ಹೆಚ್ಚು ಕಾಲ ಬಾಳಿದುವೆಂದು 2013ರಲ್ಲಿ ಸಾರಾ ಶ್ವಾರ್ಟ್ಸ್ ಮತ್ತು ಸಂಗಡಿಗರು ಬರೆದರು.

ಈ ಪಕ್ಷಕ್ಕೆ ನಮ್ಮ ಸಾಹಿತ್ಯಚರಿತ್ರೆಯಲ್ಲಿಯೇ ಸಾಕ್ಷಿಗಳಿವೆ. ಕುವೆಂಪು ಅವರಿಗೆ ಟಿ. ಎಸ್. ವೆಂಕಣ್ಣಯ್ಯನವರು ಅಧ್ಯಾಪಕರಾಗಿ ದೊರೆತುದು ಮಹಾರಾಜಾ ಕಾಲೇಜಿನ ವ್ಯವಸ್ಥೆಯಿಂದಲಾದರೂ, ಗುರುವಾಗಿ ದೊರೆತುದು ಯಾವ ಆಜ್ಞಾಪತ್ರದಿಂದಲೂ ಅಲ್ಲ. ‘ಶ್ರೀ ರಾಮಾಯಣದರ್ಶನಂ’ ಆ ಗುರುವಿಗೇ ಅರ್ಪಿತವಾಯಿತು. ಅದಕ್ಕೂ ಹಿಂದೆ, ಇಂಗ್ಲಿಷಿನಲ್ಲಿ ಕವನ ಕಟ್ಟುತ್ತಿದ್ದ ಆ ತರುಣನಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರೊಡನೆ ಅವರಿಗಿದ್ದ ಸಾಮ್ಯವಾದರೂ ಎಷ್ಟು? ದೇಶ ಬೇರೆ, ಭಾಷೆ ಬೇರೆ, ವಯಸ್ಸು ಬೇರೆ. ಯಾವ ಪ್ರಶ್ನಾವಳಿಯೂ ಅವರಿಬ್ಬರನ್ನು ಕೂಡಿಸುತ್ತಿರಲಿಲ್ಲ.

ಆದರೆ ಪ್ರತಿಭಾವಂತರ ನಿದರ್ಶನದಿಂದ ಸಾಮಾನ್ಯ ನಿಯಮವನ್ನು ತೆಗೆಯುವುದು ಅಪಾಯಕರ. ಆಯ್ಕೆಯನ್ನು ಪೂರ್ಣವಾಗಿ ವಿದ್ಯಾರ್ಥಿಗಳಿಗೆ ಬಿಟ್ಟರೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ: ನಗುಮುಖದ ನಾಲ್ವರು ಅಧ್ಯಾಪಕರ ಕೊಠಡಿಯ ಮುಂದೆ ಸಾಲು ಬೆಳೆಯುತ್ತದೆ, ಉಳಿದವರ ಬಾಗಿಲಿಗೆ ಯಾರೂ ಸುಳಿಯುವುದಿಲ್ಲ. ಮನೆಯಲ್ಲಿ ಕಾಲೇಜು ಕಂಡವರಿದ್ದ ವಿದ್ಯಾರ್ಥಿ ಯಾರನ್ನು ಹಿಡಿಯಬೇಕೆಂದು ಬಲ್ಲನು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲೇರಿದವನು ಬಾಯಿ ಬಿಡಲೂ ಅಂಜುವನು. ನೆರವು ಯಾರಿಗೆ ಹೆಚ್ಚು ಬೇಕೋ ಅವರೇ ಆಯ್ಕೆಯಲ್ಲಿ ಹಿಂದುಳಿಯುವರೆಂಬ ಆಕ್ಷೇಪಕ್ಕೆ ಈ ಪಕ್ಷದವರು ತೃಪ್ತಿಕರವಾದ ಉತ್ತರ ಕೊಟ್ಟಿಲ್ಲ.

ಗಣಿತಜ್ಞರ ಪರಿಹಾರ

10 ಮಂದಿ ಮಾರ್ಗದರ್ಶಕರನ್ನು 10 ಮಂದಿ ವಿದ್ಯಾರ್ಥಿಗಳೊಡನೆ ಒಬ್ಬರಿಗೊಬ್ಬರಂತೆ ಕೂಡಿಸಲು 36,28,800 ಬಗೆಗಳಿವೆ. ಕಾಗದ ಹಿಡಿದು ಕುಳಿತು ಇವುಗಳಲ್ಲಿ ಶ್ರೇಷ್ಠವಾದುದನ್ನು ಹೆಕ್ಕುವುದು ಮನುಷ್ಯಸಾಧ್ಯವಲ್ಲ. ಪ್ರತಿ ಜೋಡಿಗೂ ಒಂದು ಅಂಕ ಕೊಡಬಹುದಾದರೆ, ಒಟ್ಟು ಅಂಕ ಗರಿಷ್ಠವಾಗುವಂತೆ ಹಂಚುವ ವಿಧಾನವನ್ನು ಹೆರಾಲ್ಡ್ ಕೂನ್ 1955ರಲ್ಲಿಯೇ ಕೊಟ್ಟಿದ್ದಾರೆ. ಆದರೆ ಒಟ್ಟು ಮೊತ್ತಕ್ಕಾಗಿ ಒಬ್ಬನ ಹಿತವನ್ನು ಬಲಿಗೊಡಲು ಈ ವಿಧಾನ ಹಿಂಜರಿಯುವುದಿಲ್ಲ.

ಇದಕ್ಕಿಂತ ನ್ಯಾಯವಾದುದು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ನಿರೂಪಿಸಿದ ಕ್ರಮ. ಪ್ರತಿ ವಿದ್ಯಾರ್ಥಿಯೂ ತನ್ನ ಮೊದಲ ಆಯ್ಕೆಯ ಮಾರ್ಗದರ್ಶಕರಿಗೆ ಅರ್ಜಿ ಹಾಕುತ್ತಾನೆ. ಅವರು ತಮಗಿರುವ ಸ್ಥಾನಗಳಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಹಿಂದಿರುಗಿಸುತ್ತಾರೆ. ಹಿಂದಿರುಗಿದವರು ಎರಡನೆಯ ಆಯ್ಕೆಯವರ ಬಳಿಗೆ ಹೋಗುತ್ತಾರೆ. ಅಲ್ಲಿ ಈಗಾಗಲೇ ಇರುವವರಿಗಿಂತ ಇವರು ಹೆಚ್ಚು ಇಷ್ಟವಾದರೆ ಹಳಬರಲ್ಲಿ ಒಬ್ಬರು ಜಾಗ ಬಿಡಬೇಕಾಗುತ್ತದೆ. ಯಾರೂ ಹಿಂದಿರುಗದ ಸುತ್ತು ಬಂದಾಗ ಎಲ್ಲವೂ ಸ್ಥಿರವಾಗುತ್ತದೆ. ಆಗ, ತಮ್ಮ ತಮ್ಮ ಜೋಡಿಯನ್ನು ಬಿಟ್ಟು ಪರಸ್ಪರ ಕೂಡಲು ಬಯಸುವ ಇಬ್ಬರು ಎಲ್ಲಿಯೂ ಉಳಿದಿರುವುದಿಲ್ಲ. ಅಮೆರಿಕದಲ್ಲಿ ಹೊಸ ವೈದ್ಯರನ್ನು ಆಸ್ಪತ್ರೆಗಳಿಗೆ ಹಂಚುವ ವ್ಯವಸ್ಥೆ 1952ರಿಂದಲೇ ಇಂಥದೊಂದು ಕ್ರಮವನ್ನು ಅನುಸರಿಸುತ್ತಿತ್ತೆಂಬುದನ್ನು ಆಲ್ವಿನ್ ರಾತ್ ತೋರಿಸಿದರು. 2012ರಲ್ಲಿ ಶಾಪ್ಲಿ ಮತ್ತು ರಾತ್ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಇದರಲ್ಲೊಂದು ಸೂಕ್ಷ್ಮವಿದೆ. ಅರ್ಜಿ ಹಾಕುವ ಪಕ್ಷಕ್ಕೆ, ಸ್ಥಿರವಾದ ಎಲ್ಲ ಹಂಚಿಕೆಗಳಲ್ಲಿ ಉತ್ತಮವಾದುದು ದೊರೆಯುತ್ತದೆ. ಅರ್ಜಿ ಪಡೆಯುವ ಪಕ್ಷಕ್ಕೆ ಅವುಗಳಲ್ಲೇ ಕನಿಷ್ಠವಾದುದು. ಆದುದರಿಂದ ವಿದ್ಯಾರ್ಥಿಗಳೇ ಅರ್ಜಿ ಹಾಕತಕ್ಕದ್ದು. ಸ್ಥಾನಗಳಿಗೆ ಮಿತಿ ಇರುವುದರಿಂದ ಜನಪ್ರಿಯ ಅಧ್ಯಾಪಕರ ಮೇಲಿನ ನೂಕುನುಗ್ಗಲೂ ತಗ್ಗುತ್ತದೆ. ಗಣಿತದ ದೋಷ ಬೇರೆಡೆಯಲ್ಲಿದೆ: ಕೊಟ್ಟ ಆಯ್ಕೆಯ ಪಟ್ಟಿಯನ್ನು ಅದು ಪ್ರಮಾಣವೆಂದು ಸ್ವೀಕರಿಸುತ್ತದೆ. ಕಾಲೇಜಿಗೆ ಬಂದು ವಾರ ಕಳೆಯದ ವಿದ್ಯಾರ್ಥಿಯು 12 ಮಂದಿ ಅಪರಿಚಿತರನ್ನು ಯಾವ ಆಧಾರದಿಂದ ಒಂದರಿಂದ ಹನ್ನೆರಡರವರೆಗೆ ಜೋಡಿಸಿಡಬೇಕು?

ಕಾಲದ ಪ್ರಶ್ನೆ

ಕ್ಯಾಥಿ ಕ್ರಾಮ್ ಎಂಬ ವಿದುಷಿ 18 ಜೋಡಿಗಳನ್ನು ಆಳವಾಗಿ ಪರಿಶೀಲಿಸಿ, ಈ ಸಂಬಂಧಕ್ಕೆ ಆರಂಭ, ಬೆಳವಣಿಗೆ, ಅಗಲಿಕೆ, ಪುನಾರೂಪಣೆ ಎಂಬ ನಾಲ್ಕು ಅವಸ್ಥೆಗಳಿವೆಯೆಂದು 1983ರಲ್ಲಿ ವಿವರಿಸಿದರು. ಜೋಡಣೆಯನ್ನು ಒಂದು ದಿನದ ಘಟನೆಯೆಂದು ತಿಳಿಯುವ ಪದ್ಧತಿಗೆ ಇದು ಮೊದಲ ಪೆಟ್ಟು. 2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅವರು ತೋರಿಸಿದಂತೆ, ವರ್ಷಕ್ಕೂ ಮಿಕ್ಕಿ ಬಾಳಿದ ಸಂಬಂಧಗಳಿಂದ ಮಕ್ಕಳಿಗೆ ಅತ್ಯಧಿಕ ಲಾಭವಾಯಿತು. ಮೂರು ತಿಂಗಳೊಳಗೆ ಕಡಿದುಹೋದವುಗಳಿಂದ ಅವರ ಆತ್ಮಗೌರವ ಮೊದಲಿಗಿಂತ ಕುಗ್ಗಿತು.

ಹಾಗಾದರೆ ಕೂಡದ ಜೋಡಿಯನ್ನು ಬೇರ್ಪಡಿಸಿ ಬೇರೊಬ್ಬರನ್ನು ಕೊಟ್ಟರೆ ಸರಿಹೋದೀತೆಂದು ಯಾರಿಗಾದರೂ ತೋರುವುದು ಸಹಜ. ನಮ್ಮ ಕೆಲವು ಸಂಸ್ಥೆಗಳು ಇದನ್ನೇ ಸುಧಾರಣೆಯೆಂದು ಕರೆಯುತ್ತವೆ. ಆದರೆ 2012ರಲ್ಲಿ ಗ್ರಾಸ್‌ಮನ್ ಮತ್ತು ಸಹೋದ್ಯೋಗಿಗಳು ಶಾಲೆಗಳ 1,139 ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಸಂಬಂಧ ಉಳಿದುಬಂದವರಿಗೆ ಓದಿನಲ್ಲಿ ಲಾಭವಾಯಿತು. ಮೊದಲ ಜೋಡಿ ಮುರಿದು ಎರಡನೆಯ ಮಾರ್ಗದರ್ಶಕರನ್ನು ಪಡೆದವರಿಗೆ ನಷ್ಟವೇ ಆಯಿತು. ಒಮ್ಮೆ ಕೈಬಿಟ್ಟವರನ್ನು ಕಂಡ ಮಗು ಎರಡನೆಯವರನ್ನು ಅರೆನಂಬಿಕೆಯಿಂದಲೇ ನೋಡುವುದರಲ್ಲಿ ಆಶ್ಚರ್ಯವೇನು?

ಇದರಿಂದ ನಾನು ತಲುಪುವ ನಿರ್ಣಯ ಇಷ್ಟು: ಮುರಿದ ಮೇಲೆ ಮತ್ತೆ ಕೂಡಿಸುವುದಕ್ಕಿಂತ, ಕೂಡಿಸುವುದನ್ನೇ ತಡೆದು ಮಾಡುವುದು ಲೇಸು. ಎಐಸಿಟಿಇ ಸೂಚಿಸಿರುವ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ಇದಕ್ಕೆ ಸಿದ್ಧವಾಗಿರುವ ಅವಕಾಶ. ಅಲ್ಲಿ ಈಗ ಮೊದಲ ದಿನವೇ ಗುಂಪನ್ನು ಒಬ್ಬರಿಗೆ ಒಪ್ಪಿಸಿಬಿಡುವ ಬದಲು, ಪ್ರತಿ ಗುಂಪೂ ಮೂರು ವಾರಗಳಲ್ಲಿ ನಾಲ್ಕೈದು ಮಂದಿ ಅಧ್ಯಾಪಕರೊಡನೆ ಕುಳಿತು ಮಾತನಾಡುವಂತೆ ಮಾಡಿ, ಅನಂತರ ಆಯ್ಕೆಯ ಪಟ್ಟಿಯನ್ನು ಬರೆಸಿ, ಗೇಲ್–ಶಾಪ್ಲಿ ಕ್ರಮದಿಂದ ಹಂಚಿದರೆ, ಮೂರು ಪಕ್ಷಗಳ ಗುಣವೂ ಒಂದೆಡೆ ಸೇರುತ್ತದೆ. ಬಾಯಿ ಬಿಡದ ವಿದ್ಯಾರ್ಥಿಯೂ ಅಷ್ಟರಲ್ಲಿ ನಾಲ್ವರ ಮುಖ ಕಂಡಿರುತ್ತಾನೆ.

ಒಬ್ಬರನ್ನೇ ಏಕೆ ಕೊಡಬೇಕು ಎಂದು ಕೇಳುವವರೂ ಇದ್ದಾರೆ. ಮೋನಿಕಾ ಹಿಗಿನ್ಸ್ ಮತ್ತು ಕ್ರಾಮ್ 2001ರಲ್ಲಿ, ಮನುಷ್ಯನ ಬೆಳವಣಿಗೆಗೆ ಹಲವರ ಬಳಗ ಒದಗಬೇಕೆಂದು ವಾದಿಸಿದರು. ಮಾತು ನಿಜ, ಆದರೆ ಎಲ್ಲರಿಗೂ ಸೇರಿದ ಹೊಣೆ ಯಾರದೂ ಅಲ್ಲದಂತಾಗುವುದು ನಮ್ಮ ಕಚೇರಿಗಳ ಅನುಭವ.

ನಮ್ಮ ನೆಲದ ತೊಡಕುಗಳು

ಸಾಮ್ಯದ ವಾದವನ್ನು ಭಾರತಕ್ಕೆ ತಂದೊಡನೆ ಜಾತಿಯ ಪ್ರಶ್ನೆ ಎದುರಾಗುತ್ತದೆ. ತನ್ನ ಹಿನ್ನೆಲೆಯನ್ನು ಬಲ್ಲ ಹಿರಿಯರೊಬ್ಬರು ದೊರೆತರೆ ದಲಿತ ವಿದ್ಯಾರ್ಥಿಗೆ ದೊಡ್ಡ ಆಸರೆಯಾದೀತು. ಆದರೆ ಅದಕ್ಕಾಗಿ ಅರ್ಜಿಯಲ್ಲಿ ಜಾತಿಯನ್ನು ಕೇಳಿದರೆ, ಪ್ರವೇಶಪರೀಕ್ಷೆಯ ರ‍್ಯಾಂಕ್ ಕೇಳುವ ನೆಪದಿಂದಲೇ ಜಾತಿಯನ್ನು ಅಳೆಯುವ ವಾತಾವರಣದಲ್ಲಿ ಅದು ಇನ್ನೊಂದು ಗುರುತಿನ ಚೀಟಿಯಾಗುತ್ತದೆ. ಮೇಲಾಗಿ ಅಂಥ ಅಧ್ಯಾಪಕರು ಉನ್ನತ ಸಂಸ್ಥೆಗಳಲ್ಲಿ ವಿರಳರಾದುದರಿಂದ ಭಾರವೆಲ್ಲವೂ ಆ ಕೆಲವರ ಹೆಗಲಿಗೇ ಬೀಳುತ್ತದೆ. ಅಮೆರಿಕದ ಅಲ್ಪಸಂಖ್ಯಾತ ಅಧ್ಯಾಪಕರು ಹೊರಬೇಕಾಗುವ ಇಂಥ ಹೊರೆಯನ್ನು ಅಮಾಡೊ ಪಡಿಲ್ಲಾ 1994ರಲ್ಲಿ ಸಾಂಸ್ಕೃತಿಕ ತೆರಿಗೆಯೆಂದು ಕರೆದರು. ಬೇಕೆಂದವರು ತಾವಾಗಿ ಕೇಳಬಹುದಾದ, ಬೇಡವೆಂದವರಿಗೆ ಹೇಳಬೇಕಾಗಿಲ್ಲದ ವ್ಯವಸ್ಥೆಯೇ ಸದ್ಯಕ್ಕೆ ಸೂಕ್ತವೆನಿಸುತ್ತದೆ.

ರಕ್ಷಣೆಯ ಪ್ರಶ್ನೆಯೂ ಇದೆ. ದೆಹಲಿ ಸರ್ಕಾರ 2021ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ 9ರಿಂದ 12ನೆಯ ತರಗತಿಯ ಮಕ್ಕಳಿಗೆ ಫೋನಿನ ಮೂಲಕ ಮಾರ್ಗದರ್ಶನ ಮಾಡುವ ‘ದೇಶ್ ಕೇ ಮೆಂಟರ್’ ಯೋಜನೆಯನ್ನು ಆರಂಭಿಸಿತು. ಅಪರಿಚಿತ ವಯಸ್ಕರೊಡನೆ ಮಕ್ಕಳನ್ನು ಕೂಡಿಸುವಲ್ಲಿ ಅಪಾಯವಿದೆಯೆಂದೂ, ಮಾರ್ಗದರ್ಶಕರು ಅದೇ ಲಿಂಗದವರೆಂಬುದೊಂದೇ ರಕ್ಷಣೆಯ ಭರವಸೆಯಾಗದೆಂದೂ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪಿಸಿತು. 2022ರ ಜನವರಿಯಲ್ಲಿ ಯೋಜನೆ ಸ್ಥಗಿತವಾಯಿತು. ಇನ್ನು ನ್ಯಾಕ್ ತನ್ನ ಮೌಲ್ಯಮಾಪನದಲ್ಲಿ ಕೇಳಿರುವುದು ಮಾರ್ಗದರ್ಶಕರಿಗೂ ವಿದ್ಯಾರ್ಥಿಗಳಿಗೂ ಇರುವ ಸಂಖ್ಯಾನುಪಾತವನ್ನು. ಅನುಪಾತವನ್ನು ಕೇಳಿದರೆ ಅನುಪಾತವೇ ದೊರೆಯುತ್ತದೆ.

ಇತ್ಯರ್ಥವಾಗದ ವಿಷಯಗಳು

ಹೊರಗಿನ ಸಾಮ್ಯ ತರುವ ನೆಮ್ಮದಿ ಎಷ್ಟು ಕಾಲ ಉಳಿದು ಓದಿನ ಫಲವಾಗಿ ಪರಿಣಮಿಸುತ್ತದೆ ಎಂಬುದು ತೀರ್ಮಾನವಾಗಿಲ್ಲ. ಒಡನಾಟದ ಅವಧಿ ಮೂರು ವಾರ ಸಾಕೇ, ಒಂದು ಸೆಮಿಸ್ಟರು ಬೇಕೇ ಎಂಬುದಕ್ಕೂ ಖಚಿತವಾದ ಆಧಾರವಿಲ್ಲ. ತಡಮಾಡಿದಷ್ಟೂ ಆಯ್ಕೆ ಪಕ್ವವಾಗುವುದು ನಿಜವಾದರೂ, ಮನೆ ಬಿಟ್ಟು ಬಂದ ಹುಡುಗನಿಗೆ ಆಸರೆ ಅತ್ಯಂತ ಬೇಕಾದ ಕಾಲವೂ ಆ ಮೊದಲ ವಾರಗಳೇ ಆಗಿವೆ. ಮಾರ್ಗದರ್ಶಕರು ಕೆಲಸ ಬಿಟ್ಟೋ ವರ್ಗವಾಗಿಯೋ ಹೋದಾಗ ಆ ಇಪ್ಪತ್ತು ಮಂದಿಯನ್ನು ಏನು ಮಾಡಬೇಕು? ಮರುಜೋಡಣೆಯ ಹಾನಿ ಶಾಲಾಮಕ್ಕಳಲ್ಲಿ ಕಂಡುದು; ಹತ್ತೊಂಬತ್ತರ ತರುಣನಲ್ಲಿಯೂ ಹಾಗೆಯೇ ಇದ್ದೀತೆಂದು ಹೇಳುವಂತಿಲ್ಲ. ನೆರವು ಅತ್ಯಂತ ಬೇಕಾದವರನ್ನು ಅತ್ಯಂತ ನುರಿತ ಮಾರ್ಗದರ್ಶಕರಿಗೆ ಮೊದಲೇ ಒಪ್ಪಿಸಿ ಉಳಿದವರಿಗೆ ಮಾತ್ರ ಆಯ್ಕೆ ಕೊಡುವುದು ನ್ಯಾಯವೇ ಎಂಬುದಂತೂ ಅಂಕಿಅಂಶಗಳಿಂದ ತೀರುವ ವ್ಯಾಜ್ಯವಲ್ಲ.

ಮೇಲೆ ಹೇಳಿದ ಪರೀಕ್ಷೆಗಳೆಲ್ಲವೂ ಅಮೆರಿಕದಲ್ಲಿ ನಡೆದವು. ಅವುಗಳಲ್ಲಿ ಹಲವು ಚಿಕ್ಕ ಮಕ್ಕಳನ್ನು, ಕೆಲವು ಕಂಪನಿಗಳ ನೌಕರರನ್ನು ಕುರಿತವು. ಅಂಥ ಪರೀಕ್ಷೆಯನ್ನು ನಮ್ಮಲ್ಲಿ ನಡೆಸಲು ಹಣವಾಗಲಿ ಯಂತ್ರವಾಗಲಿ ಅಡ್ಡಿಯಲ್ಲ. ಆರು ಸೆಕ್ಷನ್ನುಗಳುಳ್ಳ ಕಾಲೇಜೊಂದು ಚೀಟಿ ಎತ್ತಿ, ಮೂರರಲ್ಲಿ ಈಗಿನಂತೆಯೇ ಯುಎಸ್‌ಎನ್ ಪ್ರಕಾರ ಹಂಚಿ, ಮೂರರಲ್ಲಿ ಒಡನಾಟದ ಬಳಿಕ ಆಯ್ಕೆಯಂತೆ ಹಂಚಿ, ಎಷ್ಟು ಜೋಡಿಗಳು ಎರಡನೆಯ ವರ್ಷಕ್ಕೂ ಭೇಟಿಯಾಗುತ್ತಿವೆ, ಯಾವ ಜೋಡಿ ಎಂದು ಏಕೆ ನಿಂತಿತು ಎಂಬುದನ್ನು ಬರೆದಿಟ್ಟರೆ ಸಾಕು. ಈ ಮಾತುಗಳನ್ನು ಓದುತ್ತಿರುವ ಪ್ರಾಂಶುಪಾಲರು ಯಾರಾದರೂ ಇದ್ದರೆ, ಮುಂದಿನ ಪ್ರವೇಶದ ಪಟ್ಟಿ ಸಿದ್ಧವಾಗುವ ಮೊದಲೇ ಇದನ್ನು ತಮ್ಮ ಅಧ್ಯಾಪಕರ ಸಭೆಯ ಮುಂದಿಡಬೇಕೆಂದು ಕೋರುತ್ತೇನೆ.